ಇಂಟರ್ವೆಲ್ ಆದ ಮೇಲೆ ಮಗುವನ್ನು ಕೂರಿಸಬೇಕಾ? ಒಂದು ಊರ ನಾಟಕದ ಪ್ರಕರಣ

ಅಮೆರಿಕದ ಸಣ್ಣ ಊರುಗಳಲ್ಲಿರುವ ಕನ್ನಡದ ಅಪ್ಪ ಅಮ್ಮಂದಿರಿಗೆ ಈ ಪ್ರಶ್ನೆ ಇವತ್ತಲ್ಲ ನಾಳೆ ಎದುರಾಗುತ್ತದೆ. ಊರಿನ ಹವ್ಯಾಸಿ ತಂಡ ಒಂದು ಮ್ಯೂಸಿಕಲ್ ಆಡುತ್ತದೆ. ಪೋಸ್ಟರ್ ಮೇಲೆ ಕೆಂಪು ಟೋಪಿಯ ಹುಡುಗಿ, ಸಿಂಡ್ರೆಲಾ, ಒಂದು ಬಿಳಿ ಹಸು. ಮಕ್ಕಳನ್ನು ಕರೆದುಕೊಂಡು ಹೊರಡುತ್ತೇವೆ. ಮೊದಲರ್ಧ ಮಕ್ಕಳ ಕಥೆ. ಎರಡನೇ ಅರ್ಧದಲ್ಲಿ ಅದೇ ಕಥೆಯ ಜನ ಒಬ್ಬೊಬ್ಬರಾಗಿ ಸಾಯುತ್ತಾರೆ. ಮಗುವನ್ನು ಕೂರಿಸಬೇಕಾ, ಎಬ್ಬಿಸಿಕೊಂಡು ಬರಬೇಕಾ?

ನಾವಿರುವ ಒಹಾಯೋದ ಊರಿನಲ್ಲಿ ಎರಡು ಕನ್ನಡ ಮನೆಗಳು ಒಂದೇ ಸಂಜೆ, ಒಂದೇ ಸಾಲಿನಲ್ಲಿ ಕೂತು, ಈ ಪ್ರಶ್ನೆಗೆ ಎರಡು ಬೇರೆ ಉತ್ತರ ಕೊಟ್ಟವು. ಒಂದು ನಮ್ಮ ಮನೆ. ಇನ್ನೊಂದು ನನ್ನ ಗೆಳತಿಯದು. ನಮ್ಮ ಮಗಳಿಗೆ 7 ವರ್ಷ, ಅವರ ಮಗನಿಗೆ 5. ಗೆಳತಿಯನ್ನು ಕೇಳಿಯೇ ಇದನ್ನು ಬರೆಯುತ್ತಿದ್ದೇನೆ.

ನಾಟಕದ ಹೆಸರು ‘ಇನ್‌ಟು ದ ವುಡ್ಸ್’. ಸಂಗೀತ ಮತ್ತು ಹಾಡು ಸ್ಟೀಫನ್ ಸಾಂಡ್‌ಹೈಮ್ ಅವರದು, ನಾಟಕ ಬರೆದವರು ಜೇಮ್ಸ್ ಲಪೈನ್. 1986ರಲ್ಲಿ ಸ್ಯಾನ್ ಡಿಯಾಗೋದಲ್ಲಿ ಮೊದಲು ರಂಗಕ್ಕೆ ಬಂದು, 1987ರ ನವೆಂಬರ್‌ನಲ್ಲಿ ನ್ಯೂಯಾರ್ಕಿನ ಬ್ರಾಡ್‌ವೇ ತಲುಪಿತು. ಮುಂದಿನ ವರ್ಷ ಸಂಗೀತಕ್ಕೂ ಬರವಣಿಗೆಗೂ ಬ್ರಾಡ್‌ವೇ ನಾಟಕಗಳಿಗೆ ಕೊಡುವ ಟೋನಿ ಪ್ರಶಸ್ತಿ ಬಂತು. ಬೇಕರಿಯವನ ಹೆಂಡತಿಯ ಪಾತ್ರ ಮಾಡಿದ ಜೊಯಾನಾ ಗ್ಲೀಸನ್ ಅವರಿಗೂ ಬಂತು. ಇಡೀ ಕಥೆ ಹೊತ್ತು ನಡೆಯುವವಳು ಇದೇ ಹೆಂಡತಿ. ಈ ಪ್ರಕರಣದ ನಡುವೆ ಇರುವವಳೂ ಅವಳೇ.

ಕಥೆ ನೋಡಿ. ಬೇಕರಿಯವನಿಗೂ ಅವನ ಹೆಂಡತಿಗೂ ಮಕ್ಕಳಿಲ್ಲ. ಪಕ್ಕದ ಮನೆಯ ಮಾಟಗಾತಿಯ ಶಾಪ. ಶಾಪ ಕಳೆಯಬೇಕಾದರೆ ನಾಲ್ಕು ವಸ್ತು ತರಬೇಕು: ಹಾಲಿನಂಥ ಬಿಳಿ ಹಸು, ರಕ್ತದಂಥ ಕೆಂಪು ಮೇಲಂಗಿ, ಜೋಳದಂಥ ಹಳದಿ ಕೂದಲು, ಚಿನ್ನದಂಥ ಪಾದರಕ್ಷೆ. ಅಂದರೆ ಮಾಯದ ಬಳ್ಳಿ ಹತ್ತಿ ರಾಕ್ಷಸನ ಮನೆಗೆ ಹೋಗುವ ಜ್ಯಾಕ್, ಕೆಂಪು ಟೋಪಿಯ ಹುಡುಗಿ, ಗೋಪುರದಲ್ಲಿರುವ ಉದ್ದ ಕೂದಲಿನ ರಪುಂಜೆಲ್, ಸಿಂಡ್ರೆಲಾ, ನಾಲ್ವರ ಕಥೆಯೂ ಒಂದೇ ಕಾಡಿನಲ್ಲಿ ಹೆಣೆದುಕೊಳ್ಳುತ್ತದೆ. ಮೊದಲ ಅಂಕ ಮುಗಿಯುವಾಗ ಎಲ್ಲರ ಆಸೆಯೂ ಕೈಗೂಡಿರುತ್ತದೆ. ಮದುವೆ, ಮಗು, ದುಡ್ಡು, ಎಲ್ಲ. ಎಲ್ಲರೂ ಸಾಲಾಗಿ ನಿಂತು ಜೋರಾಗಿ ಹಾಡುತ್ತಾರೆ. ದೀಪ ಬರುತ್ತದೆ. ನಾಟಕ ಮುಗಿಯಿತು ಅಂದುಕೊಂಡು ಕೋಟು ಹಾಕಿಕೊಂಡು ಮನೆಗೆ ಹೋಗುವವರು ಎಲ್ಲ ಊರಲ್ಲೂ ಇದ್ದಾರಂತೆ. ನಮ್ಮೂರಲ್ಲೂ ಕೆಲವರು ಹಾಗೇ ಹೊರಟರು.

ಎರಡನೇ ಅಂಕದಲ್ಲಿ ಜ್ಯಾಕ್ ಕೊಂದ ರಾಕ್ಷಸನ ಹೆಂಡತಿ ಸೇಡಿಗೆ ಇಳಿದು ಬರುತ್ತಾಳೆ. ರಪುಂಜೆಲ್ ಆ ರಾಕ್ಷಸಿಯ ಕಾಲಡಿ ಸಿಕ್ಕಿ ಸಾಯುತ್ತಾಳೆ. ಜ್ಯಾಕ್‌ನ ಅಮ್ಮ ಸಾಯುತ್ತಾಳೆ. ಬೇಕರಿಯವನ ಹೆಂಡತಿ ಸಾಯುತ್ತಾಳೆ. ಕಥೆ ಹೇಳುತ್ತಿದ್ದ ಕಥೆಗಾರನನ್ನೇ ಪಾತ್ರಗಳೆಲ್ಲ ಸೇರಿ ರಾಕ್ಷಸಿಗೆ ಒಪ್ಪಿಸಿಬಿಡುತ್ತವೆ. 2014ರ ಡಿಸ್ನಿ ಸಿನಿಮಾ ನೋಡಿದವರಿಗೂ ಇದು ಪೂರ್ತಿ ಗೊತ್ತಿರುವುದಿಲ್ಲ. ಸಿನಿಮಾದಲ್ಲಿ ರಪುಂಜೆಲ್ ಸಾಯುವುದಿಲ್ಲ, ಪ್ರತ್ಯೇಕ ಕಥೆಗಾರನೂ ಇಲ್ಲ.

ನಾನು ಇದನ್ನು ಹಿಂದೆ ನೋಡಿದ್ದೆ. ಗೊತ್ತಿದ್ದೇ ಟಿಕೆಟ್ ತೆಗೆದೆ. ಗೆಳತಿಗೂ ಫೋನಿನಲ್ಲಿ ಹೇಳಿದ್ದೆ. ‘ಇಂಟರ್ವೆಲ್‌ನಲ್ಲಿ ನೋಡೋಣ ಬಿಡೇ, ಮಲಗಿಬಿಟ್ಟಿದ್ರೆ ಎತ್ಕೊಂಡು ಬರ್ತೀನಿ’ ಅಂದಿದ್ದಳು.

ನಮ್ಮ ಜೊತೆಗೆ ಅಪ್ಪ ಇದ್ದರು. ತುಮಕೂರಿನಿಂದ ಬಂದಿದ್ದರು. ವಯಸ್ಸಿನಲ್ಲಿ ಹಳ್ಳಿಯ ಪೌರಾಣಿಕ ನಾಟಕಗಳಲ್ಲಿ ಪಾರ್ಟು ಮಾಡಿದವರು. ‘ಕುರುಕ್ಷೇತ್ರ’ದ ಭೀಮ. ನಮ್ಮ ಕಡೆ ಇದು ಗೊತ್ತಿರುವುದೇ. ಪಾರ್ಟು ಬೇಕಾದರೆ ಕೈಯಿಂದ ದುಡ್ಡು ಹಾಕಬೇಕು. ತಿಂಗಳುಗಟ್ಟಲೆ ರಾತ್ರಿ ಹಾರ್ಮೋನಿಯಂ ಮೇಷ್ಟ್ರ ಮುಂದೆ ಕೂತು ಮಟ್ಟು ಕಲಿಯಬೇಕು. ಸೀನರಿ, ಡ್ರೆಸ್ಸು ಬಾಡಿಗೆಗೆ ಬರುತ್ತದೆ. ಆಡುವವರು ರೈತರು, ಮೇಷ್ಟ್ರುಗಳು, ಅಂಗಡಿಯವರು. ಒಂದು ರಾತ್ರಿಯ ನಾಟಕಕ್ಕೆ ಇಷ್ಟೆಲ್ಲ. ಅಪ್ಪ ಪ್ರೋಗ್ರಾಂ ಪುಸ್ತಕ ತಿರುಗಿಸಿ, ‘ಇವರಿಗೆ ಸಂಬಳ ಎಷ್ಟು?’ ಅಂದರು. ಯಾರಿಗೂ ಇಲ್ಲ ಅಂದೆ. ‘ಹಾಗಾದ್ರೆ ನಮ್ಮೋರೇ’ ಅಂದು ಕನ್ನಡಕ ಹಾಕಿಕೊಂಡು ನೆಟ್ಟಗೆ ಕೂತರು.

ಪ್ರೋಗ್ರಾಂನಲ್ಲಿ ಒಬ್ಬೊಬ್ಬರ ಬಗ್ಗೆ ನಾಲ್ಕು ಸಾಲು ಇರುತ್ತದಲ್ಲ, ಅದನ್ನು ಓದುವುದೇ ಒಂದು ಸಂತೋಷ. ತೋಳ ಹಾರ್ಡ್‌ವೇರ್ ಅಂಗಡಿಯಲ್ಲಿ ಕೆಲಸ ಮಾಡುತ್ತಾನೆ. ಮಾಟಗಾತಿ ನರ್ಸು. ಸಿಂಡ್ರೆಲಾಳ ಮಲತಾಯಿ ನಿವೃತ್ತ ಅಂಚೆ ನೌಕರಳು. ಬೇಕರಿಯವನ ಹೆಂಡತಿ ನಮ್ಮ ಮಗಳ ಶಾಲೆಯ ಲೈಬ್ರರಿ ಟೀಚರ್. ಪ್ರತಿ ವಾರ ಮಕ್ಕಳನ್ನು ಕಾರ್ಪೆಟ್ ಮೇಲೆ ಕೂರಿಸಿಕೊಂಡು ಪುಸ್ತಕ ಓದಿ ಹೇಳುವವರು. ಮಗಳು ಹೆಸರು ಓದಿ ಕುರ್ಚಿಯ ಮೇಲೆ ನಿಂತೇಬಿಟ್ಟಳು.

ಎರಡನೇ ಅಂಕದ ಪ್ರಶ್ನೆ ಜೋರಾಗಿದ್ದು ಆಗಲೇ. ಸಾಯುವವಳು ಯಾರೋ ನಟಿಯಲ್ಲ. ಮಗಳು ಸೋಮವಾರ ಬೆಳಿಗ್ಗೆ ನೋಡುವ ಮುಖ.

ತಂಡಗಳು ಯಾಕೆ ಇದನ್ನೇ ಆರಿಸಿಕೊಳ್ಳುತ್ತವೆ ಅನ್ನುವುದಕ್ಕೆ ಕಾರಣ ಇದೆ. ಒಬ್ಬ ಹೀರೋ ಇಲ್ಲ, ಹತ್ತಾರು ಜನಕ್ಕೆ ಒಳ್ಳೆಯ ಪಾತ್ರ. ಹೆಂಗಸರ ಪಾತ್ರ ಜಾಸ್ತಿ. ಹವ್ಯಾಸಿ ತಂಡಗಳಿಗೆ ಹೆಂಗಸರೇ ಹೆಚ್ಚಾಗಿ ಬರುವುದರಿಂದ ಅದು ದೊಡ್ಡ ಅನುಕೂಲ. ದೊಡ್ಡ ಡ್ಯಾನ್ಸ್ ಬೇಕಿಲ್ಲ. ಒಂದು ಕಾಡು ಕಟ್ಟಿದರೆ ಇಡೀ ನಾಟಕ ನಡೆದುಹೋಗುತ್ತದೆ. ಕಷ್ಟವೆಲ್ಲ ಹಾಡಿನಲ್ಲಿ. ಉಸಿರು ತೆಗೆದುಕೊಳ್ಳಲು ಜಾಗವಿಲ್ಲದಂತೆ ಮಾತು ತುಂಬಿಟ್ಟಿದ್ದಾರೆ ಸಾಂಡ್‌ಹೈಮ್. ಒಬ್ಬರು ಅರ್ಧ ಕ್ಷಣ ತಡವಾದರೆ ಮುಂದಿನ ಐದು ಜನ ಬೀಳುತ್ತಾರೆ. ನಮ್ಮೂರ ತಂಡ ಎರಡು ಕಡೆ ಬಿತ್ತು, ಎರಡು ಕಡೆಯೂ ಪಿಯಾನೋದವರು ಎತ್ತಿ ನಿಲ್ಲಿಸಿದರು. ಅಪ್ಪನಿಗೆ ಅದು ತಕ್ಷಣ ಗೊತ್ತಾಯಿತು. ‘ಮೇಷ್ಟ್ರು ಗಟ್ಟಿ ಇದಾರೆ’ ಅಂದರು.

ಹಸುವಿನ ಬಗ್ಗೆ ಹೇಳಲೇಬೇಕು. ಪ್ಲೈವುಡ್ ಹಸು, ಅಡಿಯಲ್ಲಿ ನಾಲ್ಕು ಗಾಲಿ, ಬಾಲಕ್ಕೆ ನೆಲ ಒರೆಸುವ ಮಾಪಿನ ದಾರ. ಜ್ಯಾಕ್ ಪಾತ್ರದ ಹುಡುಗ ಹೈಸ್ಕೂಲಿನವನು. ಹಸು ಮಾರುವ ದೃಶ್ಯದಲ್ಲಿ ಅದರ ಮುಂದಿನ ಗಾಲಿ ಒಂದು ಮರದ ಬುಡಕ್ಕೆ ಸಿಕ್ಕಿಕೊಂಡಿತು. ಹುಡುಗ ಹಾಡು ನಿಲ್ಲಿಸಲಿಲ್ಲ. ಮೊಣಕಾಲೂರಿ, ಹಸುವಿನ ಕತ್ತು ತಬ್ಬಿಕೊಂಡು, ಹಾಗೇ ಎತ್ತಿ ಬಿಡಿಸಿದ. ಬೀಳ್ಕೊಡುವ ಹಾಡಿಗೆ ಆ ಅಪ್ಪುಗೆ ಎಷ್ಟು ಹೊಂದಿತೆಂದರೆ, ಹಿಂದಿನ ಸಾಲಿನ ಅಜ್ಜಿ ಮೂಗು ಒರೆಸಿಕೊಂಡರು.

ಇನ್ನೊಂದು ವಿಷಯ ಗಮನಿಸಿದೆ. ಮೊದಲ ಅಂಕದಲ್ಲೂ ರಕ್ತ ಕಮ್ಮಿಯೇನಿಲ್ಲ. ಇದು ಜರ್ಮನ್ ಜಾನಪದ ಕಥೆ ಕೂಡಿಸಿದ ಗ್ರಿಮ್ ಸೋದರರ ಸಿಂಡ್ರೆಲಾ. ಪಾದರಕ್ಷೆ ಹಿಡಿಸಲಿ ಅಂತ ಮಲತಾಯಿ ಒಬ್ಬ ಮಗಳ ಹೆಬ್ಬೆರಳು, ಇನ್ನೊಬ್ಬಳ ಹಿಮ್ಮಡಿ ಕತ್ತರಿಸುತ್ತಾಳೆ. ತೋಳನ ಹೊಟ್ಟೆ ಸೀಳಿ ಅಜ್ಜಿಯನ್ನು ಹೊರಗೆ ತೆಗೆಯುತ್ತಾರೆ. ಹಸುವೂ ಒಮ್ಮೆ ಸತ್ತು ಬದುಕುತ್ತದೆ. ಮಕ್ಕಳಿಬ್ಬರೂ ಬೆರಳು ಕತ್ತರಿಸುವಾಗ ಬಿದ್ದು ಬಿದ್ದು ನಕ್ಕರು. ದೊಡ್ಡವರು ಮುಜುಗರಪಟ್ಟಿದ್ದು ತೋಳನ ಹಾಡಿಗೆ, ಅದರಲ್ಲಿ ಪೋಲಿತನ ಇದೆ. ಮಕ್ಕಳಿಗೆ ಅದು ಹಸಿವು ಅಂತಷ್ಟೇ ಅರ್ಥವಾಯಿತು. ಗೆಳತಿಯ ಮಗ ಹೆದರಿದ್ದು ಒಂದೇ ಸಲ. ಜ್ಯಾಕ್‌ನ ಅಮ್ಮ ಅವನಿಗೆ ಬೈದು ಹಸು ಮಾರೋಕೆ ಕಳಿಸಿದಾಗ. ಅಂದರೆ ರಕ್ತಕ್ಕಲ್ಲ, ಅಮ್ಮನ ಕೋಪಕ್ಕೆ.

ಇಂಟರ್ವೆಲ್ ಆಯಿತು. ಹೊರಗೆ ಸ್ವಯಂಸೇವಕರು ಕುಕ್ಕೀಸು, ನಿಂಬೆ ಪಾನಕ ಮಾರುತ್ತಿದ್ದರು. ಗೆಳತಿಯ ಮಗ ಆಕಳಿಸುತ್ತಿದ್ದ. ಈ ನಾಟಕ ಪೂರ್ತಿ ಮುಗಿಯಲು ಎರಡೂವರೆ ಗಂಟೆ ಮೀರುತ್ತದೆ, ಐದು ವರ್ಷದವನಿಗೆ ಅದು ಜಾಸ್ತಿಯೇ. ಅವಳು ಮಗನಿಗೆ ಜ್ಯಾಕೆಟ್ ಹಾಕಿದಳು. ‘ಮುಗೀತಾ?’ ಅಂದ. ‘ಹ್ಞೂ ಚಿನ್ನ, ಮುಗೀತು, ಎಲ್ಲರಿಗೂ ಒಳ್ಳೇದಾಯ್ತು’ ಅಂದಳು. ಹೊರಟರು.

ನಾನು ಮಗಳನ್ನು ಗೋಡೆಯ ಬದಿಗೆ ಕರೆದುಕೊಂಡು ಹೋಗಿ ಹೇಳಿದೆ. ಮುಂದೆ ಕೆಲವರು ಸಾಯುತ್ತಾರೆ. ನಿಮ್ಮ ಲೈಬ್ರರಿ ಟೀಚರ್ ಮಾಡಿರುವ ಪಾತ್ರವೂ ಸಾಯುತ್ತದೆ. ಟೀಚರ್‌ಗೆ ಏನೂ ಆಗುವುದಿಲ್ಲ, ನಾಟಕ ಮುಗಿದ ಮೇಲೆ ಬಾಗಿಲ ಹತ್ತಿರ ಸಿಗುತ್ತಾರೆ. ನೋಡೋಣವಾ, ಮನೆಗೆ ಹೋಗೋಣವಾ?

ಅವಳು ಯೋಚಿಸಿ ಕೇಳಿದ್ದು, ‘ಹಸು?’

ಹಸು ಇನ್ನೊಮ್ಮೆ ಸಾಯುವುದನ್ನು ತೋರಿಸುವುದಿಲ್ಲ ಅಂದೆ. ಅಪ್ಪ ಪಕ್ಕದಲ್ಲಿದ್ದರು. ‘ಪುಣ್ಯಕೋಟಿ ಕಥೇಲಿ ಕೊನೆಗೆ ಯಾರು ಸಾಯ್ತಾರೆ, ಹೇಳು’ ಅಂದರು. ‘ಹುಲಿ’ ಅಂದಳು. ‘ಅಳ್ತೀಯಾ?’ ‘ಒಂದೊಂದ್ ಸಲ.’ ‘ಆದ್ರೂ ಪದೇ ಪದೇ ಕೇಳ್ತೀಯಲ್ಲ.’ ಅವಳು ಒಳಗೆ ನಡೆದಳು.

ಅಪ್ಪ ಹೇಳಿದ್ದು ಸುಮ್ನೆ ಮಾತಲ್ಲ. ಗೋವಿನ ಹಾಡನ್ನು ನಾವು ಎಳೆ ಮಕ್ಕಳಿಗೆ ಹಾಡುತ್ತೇವೆ. ಹುಲಿ ಪ್ರಾಣ ಬಿಡುವ ಕಡೆಗೆ ಬಂದಾಗ ಯಾರೂ ನಿಲ್ಲಿಸುವುದಿಲ್ಲ. ಕುವೆಂಪು ಅವರ ಕಿಂದರಿಜೋಗಿಯಲ್ಲಿ ಊರಿನ ಮಕ್ಕಳೇ ಬೆಟ್ಟದೊಳಗೆ ಹೋಗಿಬಿಡುತ್ತಾರೆ. ಅದನ್ನು ಶಾಲಾ ವಾರ್ಷಿಕೋತ್ಸವದಲ್ಲಿ ಮಕ್ಕಳ ಕೈಯಲ್ಲೇ ಆಡಿಸುತ್ತೇವೆ. ಹೀಗಿರುವಾಗ ಇಂಗ್ಲಿಷ್ ಕಾಲ್ಪನಿಕ ಕಥೆ ಅಂದ ತಕ್ಷಣ ಯಾಕೆ ಕತ್ತರಿ ಹಿಡಿಯಬೇಕು ಅನ್ನುವುದು ನನ್ನ ಪ್ರಶ್ನೆ.

ಬೇಕರಿಯವನ ಹೆಂಡತಿಯ ಸಾವು ಹೀಗೆ ನಡೆಯಿತು. ಸಿಂಡ್ರೆಲಾಳ ರಾಜಕುಮಾರ ಬಂದು, ಅವಳ ಜೊತೆ ಸರಸವಾಡಿ ಹೋಗಿದ್ದಾನೆ. ಅವಳು ಒಬ್ಬಳೇ ಕಾಡಿನಲ್ಲಿ ನಿಂತು ಹಾಡುತ್ತಾಳೆ. ಇನ್ನು ಗಂಡನ ಹತ್ತಿರ ಹೋಗಬೇಕು, ಮಗುವಿನ ಹತ್ತಿರ ಹೋಗಬೇಕು ಅಂತ ಮನಸ್ಸು ಮಾಡಿ ಹೊರಡುತ್ತಾಳೆ. ದೊಡ್ಡ ಡ್ರಮ್ಮಿನ ಏಟು, ರಾಕ್ಷಸಿಯ ಹೆಜ್ಜೆ. ದೀಪ ಒಮ್ಮೆ ಕುಪ್ಪಳಿಸಿತು. ಟೀಚರ್ ತಲೆ ಎತ್ತಿ ನೋಡಿದರು, ಕಿರುಚಿದರು, ಕತ್ತಲು. ಇಷ್ಟೇ. ಮಗಳು ನನ್ನ ತೋಳು ಹಿಡಿದಳು, ಕಣ್ಣು ಮುಚ್ಚಲಿಲ್ಲ. ಅವಳು ಅತ್ತದ್ದು ಆಮೇಲೆ. ಜ್ಯಾಕ್ ಸತ್ತ ಹೆಂಡತಿಯ ಸ್ಕಾರ್ಫನ್ನು ತಂದು ಬೇಕರಿಯವನ ಕೈಗೆ ಕೊಡುತ್ತಾನೆ. ಬೇಕರಿಯವನು ಅದನ್ನು ಹಿಡಿದುಕೊಂಡು ನಿಲ್ಲುತ್ತಾನೆ. ಆ ಪಾತ್ರ ಮಾಡಿದವರು ಟ್ಯಾಕ್ಸ್ ಲೆಕ್ಕ ನೋಡುವ ಮನುಷ್ಯ, ಹಾಡು ಅಷ್ಟೇನೂ ಬಾರದು. ಅವರಿಗೆ ಆ ಸ್ಕಾರ್ಫನ್ನು ಎಲ್ಲಿಡಬೇಕು ಅನ್ನುವುದೇ ತಿಳಿಯಲಿಲ್ಲ. ಮಡಚಿದರು, ಬಿಚ್ಚಿದರು, ಕೊನೆಗೆ ಅಂಗಿಯ ಒಳಗೆ ತುರುಕಿಕೊಂಡರು. ಹೇಳಿಕೊಟ್ಟಿದ್ದೋ, ತಾವೇ ಮಾಡಿದ್ದೋ, ಆ ಸಂಜೆಯ ಅತಿ ಒಳ್ಳೆಯ ಅಭಿನಯ ಅದೇ.

ಕೊನೆಗೆ ಉಳಿಯುವವರು ನಾಲ್ವರು: ಬೇಕರಿಯವನು, ಸಿಂಡ್ರೆಲಾ, ಜ್ಯಾಕ್, ಕೆಂಪು ಟೋಪಿಯ ಹುಡುಗಿ. ಜೊತೆಗೆ ಒಂದು ಕೂಸು. ಸತ್ತ ಹೆಂಡತಿ ನೆರಳಿನಂತೆ ಬಂದು ಗಂಡನಿಗೆ, ಮಗುವಿಗೆ ನಡೆದದ್ದನ್ನೆಲ್ಲ ಕಥೆಯಾಗಿ ಹೇಳು ಅನ್ನುತ್ತಾಳೆ. ಅವನು ಮೊದಲಿನಿಂದ ಹೇಳಲು ಶುರು ಮಾಡುತ್ತಾನೆ. ಇದನ್ನು ನೋಡದೆ ಮೊದಲ ಅಂಕಕ್ಕೆ ಎದ್ದು ಬಂದರೆ ನಾಟಕದ ಅರ್ಧ ಮಾತ್ರವಲ್ಲ, ಅದು ಯಾಕಾಗಿ ಬರೆದದ್ದೋ ಅದೇ ತಪ್ಪಿಹೋಗುತ್ತದೆ. ನನ್ನ ಅಭಿಪ್ರಾಯ ಇದು, ಗಟ್ಟಿಯಾಗಿಯೇ ಹೇಳುತ್ತೇನೆ.

ನಾಟಕ ಮುಗಿದ ಮೇಲೆ ನಟರೆಲ್ಲ ವೇಷದಲ್ಲೇ ಬಾಗಿಲ ಹತ್ತಿರ ಸಾಲಾಗಿ ನಿಂತರು. ಹವ್ಯಾಸಿ ತಂಡಗಳಲ್ಲಿ ಇದು ಸಾಮಾನ್ಯ. ಮಗಳು ಟೀಚರ್ ಹತ್ತಿರ ಹೋಗಿ ಮೊದಲು ಅವರ ಕೈ ಮುಟ್ಟಿ ನೋಡಿದಳು. ಆಮೇಲೆ ಕೇಳಿದ್ದು ಬರೀ ಕೆಲಸದ ಪ್ರಶ್ನೆಗಳು. ಕತ್ತಲಲ್ಲಿ ಎಲ್ಲಿಗೆ ಹೋದ್ರಿ? ಕಿರುಚೋದನ್ನ ಮನೇಲಿ ಅಭ್ಯಾಸ ಮಾಡ್ತೀರಾ? ನಿಮ್ಮ ನಾಯಿ ಹೆದರಲ್ವಾ? ಟೀಚರ್ ಮಂಡಿಯೂರಿ ಒಂದೊಂದಕ್ಕೂ ಉತ್ತರ ಕೊಟ್ಟರು. ಕತ್ತಲಾದ ಕೂಡಲೇ ಎಡಗಡೆಯ ಪರದೆ ಹಿಂದೆ ಓಡಿ, ನೀರು ಕುಡಿದು, ಮುಂದಿನ ದೃಶ್ಯಕ್ಕೆ ಮರ ತಳ್ಳುತ್ತಾರಂತೆ.

ಅಪ್ಪ ಮನೆಗೆ ಬರುತ್ತಾ ಕಾರಿನಲ್ಲಿ ಹೇಳಿದ ಮಾತು ನನಗೆ ಈ ಪ್ರಕರಣದ ಬೀಗ ತೆಗೆಯಿತು. ಅವರು ಹುಡುಗನಾಗಿದ್ದಾಗ ಅಭಿಮನ್ಯು ಸಾಯುವುದನ್ನು ನೋಡಿ ಅತ್ತಿದ್ದರಂತೆ. ರಾತ್ರಿಯಿಡೀ ನಾಟಕ. ಬೆಳಗಿನ ಜಾವ ನೋಡಿದರೆ ಅಭಿಮನ್ಯು ಮುಖದ ಬಣ್ಣ ಒರೆಸದೆ ಹೋಟೆಲಿನ ಬೆಂಚಿನ ಮೇಲೆ ಕೂತು ಟೀ ಕುಡಿಯುತ್ತಿದ್ದ. ‘ಅವತ್ತು ಎರಡೂ ನಿಜ ಅನ್ನಿಸ್ತು. ಸತ್ತಿದ್ದೂ ನಿಜ, ಟೀನೂ ನಿಜ.’

ಸಿನಿಮಾ ಇದನ್ನು ಕೊಡಲಾರದು. ದೊಡ್ಡ ಬ್ರಾಡ್‌ವೇ ನಾಟಕವೂ ಸುಲಭವಾಗಿ ಕೊಡಲಾರದು. ಊರಿನವರೇ ಆಡುವ ನಾಟಕದಲ್ಲಿ ಮಗುವಿಗೆ ದುಃಖವೂ ಪೂರ್ತಿ ಸಿಗುತ್ತದೆ, ಅದರಿಂದ ಹೊರಗೆ ಬರುವ ಬಾಗಿಲೂ ಅಲ್ಲೇ ಸಿಗುತ್ತದೆ. ಕಷ್ಟದ ಕಥೆಯನ್ನು ಮಗು ಮೊದಲ ಸಲ ನೋಡುವುದಾದರೆ ಗೊತ್ತಿರುವ ಮುಖಗಳ ನಡುವೆ ನೋಡಲಿ ಅನ್ನುವುದು ಇದಕ್ಕೇ.

ಇನ್ನು ಗೆಳತಿಯ ಮನೆ. ಸೋಮವಾರ ಶಾಲೆಯ ಬಸ್ಸಿನಲ್ಲಿ ನಮ್ಮ ಮಗಳು ಅವರ ಮಗನಿಗೆ ಎಲ್ಲ ಹೇಳಿದಳು. ಬೇಕರಿಯವನ ಹೆಂಡತಿ ಸತ್ತಳು ಅಂದಳು. ಅವನು ಸುಳ್ಳು ಅಂದ. ನಮ್ಮಮ್ಮ ಮುಗೀತು ಅಂದಿದ್ದಾರೆ, ಎಲ್ಲರಿಗೂ ಒಳ್ಳೇದಾಯ್ತು ಅಂದಿದ್ದಾರೆ. ಇವಳು ಪಟ್ಟು ಬಿಡಲಿಲ್ಲ. ಹುಡುಗ ಅಳುತ್ತಾ ಮನೆಗೆ ಹೋದ. ರಾತ್ರಿ ಗೆಳತಿಯ ಫೋನು ಬಂತು, ದನಿಯಲ್ಲಿ ಸಿಟ್ಟಿತ್ತು. ಸಿಟ್ಟು ನ್ಯಾಯವೇ. ಮಗ ಅಳುತ್ತಿದ್ದದ್ದು ಸತ್ತವಳಿಗಾಗಿ ಮಾತ್ರ ಅಲ್ಲ. ‘ನೀನ್ಯಾಕೆ ಮುಗೀತು ಅಂದೆ?’ ಅಂತ ಕೇಳುತ್ತಿದ್ದನಂತೆ.

ಅವಳು ಇಂಟರ್ವೆಲ್‌ನಲ್ಲಿ ಎದ್ದು ಹೋದದ್ದು ಸರಿಯಾದ ತೀರ್ಮಾನ ಅಂತಲೇ ನಾನು ಹೇಳುತ್ತೇನೆ. ಮಗುವಿಗೆ 5 ವರ್ಷ, ನಿದ್ದೆ ಬಂದಿತ್ತು. ತೊಡಕಾಗಿದ್ದು ‘ಮುಗೀತು’ ಅನ್ನುವ ಒಂದು ಮಾತಿನಿಂದ. ‘ಇನ್ನೂ ಇದೆ ಚಿನ್ನ, ಉಳಿದದ್ದು ಆಮೇಲೆ ಹೇಳ್ತೀನಿ’ ಅಂದಿದ್ದರೆ ಬಸ್ಸಿನ ಜಗಳವೇ ಇರುತ್ತಿರಲಿಲ್ಲ. ಇದನ್ನು ಅವಳೇ ಆಮೇಲೆ ಹೇಳಿದ್ದು.

ಆ ವಾರಾಂತ್ಯ ಅವರು ನಮ್ಮ ಮನೆಗೆ ಊಟಕ್ಕೆ ಬಂದರು. ಅಪ್ಪ ಹುಡುಗನನ್ನು ಪಕ್ಕದಲ್ಲಿ ಕೂರಿಸಿಕೊಂಡು ಎರಡನೇ ಅಂಕವನ್ನು ಕನ್ನಡದಲ್ಲಿ ಹೇಳಿದರು. ರಾಕ್ಷಸಿಯ ಮಾತು ಬಂದಾಗ ಭೀಮನ ದನಿ ಬಂತು. ಹುಡುಗ ಹೆದರಲಿಲ್ಲ, ಮಧ್ಯೆ ತಡೆದು ಕೇಳಿದ: ‘ತಾತ, ಅವಳ ಗಂಡನ್ನ ಜ್ಯಾಕ್ ಕೊಂದಿದ್ದಲ್ವಾ? ಮತ್ತೆ ಕೋಪ ಬರಲ್ವಾ ಅವಳಿಗೆ?’ ಬರುತ್ತೆ ಅಂದರು ಅಪ್ಪ. ಎರಡನೇ ಅಂಕ ನಿಂತಿರುವುದೇ ಆ ಪ್ರಶ್ನೆಯ ಮೇಲೆ. ಮೊದಲ ಅಂಕಕ್ಕೆ ಚಪ್ಪಾಳೆ ಹೊಡೆಯುವಾಗ ನಾವು ದೊಡ್ಡವರು ಯಾರೂ ಅದನ್ನು ಕೇಳಿಕೊಂಡಿರುವುದಿಲ್ಲ.

ತಂಡದ ಮೇಲೆ ನನ್ನದೊಂದು ದೂರು ಇದೆ. ಪೋಸ್ಟರಿನಲ್ಲಿ ‘ಇಡೀ ಕುಟುಂಬಕ್ಕೆ’ ಅಂತ ಹಾಕಿದ್ದರು. ಎಷ್ಟು ವಯಸ್ಸಿನ ಮೇಲಿನವರಿಗೆ ಅನ್ನುವ ಸಾಲು ಇದ್ದದ್ದು ಪ್ರೋಗ್ರಾಂ ಒಳಗೆ. ಅದು ಕೈಗೆ ಸಿಗುವಾಗ ಟಿಕೆಟ್ ಹರಿದಾಗಿರುತ್ತದೆ. ಕೆಲವರು ಲಾಬಿಯಲ್ಲಿ, ಮಕ್ಕಳು ಬರುತ್ತಾರೆ ಅಂತ ಗೊತ್ತಿದ್ದರೆ ಸಾವುಗಳನ್ನು ಕತ್ತರಿಸಬಹುದಿತ್ತಲ್ಲ ಅನ್ನುತ್ತಿದ್ದರು. ಅದಕ್ಕೆ ದಾರಿಯಿಲ್ಲ. ಇಂಥ ನಾಟಕಗಳನ್ನು ಹಕ್ಕು ಹೊಂದಿದ ಸಂಸ್ಥೆಯಿಂದ ಲೈಸೆನ್ಸ್ ಪಡೆದು ಆಡಬೇಕು. ‘ಇನ್‌ಟು ದ ವುಡ್ಸ್’ಗೆ ಅದು ಮ್ಯೂಸಿಕ್ ಥಿಯೇಟರ್ ಇಂಟರ್‌ನ್ಯಾಷನಲ್. ಅನುಮತಿಯಿಲ್ಲದೆ ಒಂದು ಮಾತು ಬದಲಿಸುವಂತಿಲ್ಲ, ಒಂದು ಹಾಡು ಬಿಡುವಂತಿಲ್ಲ, ವಿಡಿಯೋ ತೆಗೆಯುವಂತಿಲ್ಲ. ಅಪ್ಪನಿಗೆ ಇದು ವಿಚಿತ್ರ ಅನ್ನಿಸಿತು. ನಮ್ಮಲ್ಲಿ ಜನ ‘ಒನ್ಸ್ ಮೋರ್’ ಅಂದರೆ ಸತ್ತವನೂ ಎದ್ದು ಹಾಡು ಮುಗಿಸಿ ಮತ್ತೆ ಮಲಗುತ್ತಾನೆ.

ಚಿಕ್ಕವರಿಗೆ ಅಂತಲೇ ಅದೇ ಸಂಸ್ಥೆ ಒಂದು ಜೂನಿಯರ್ ರೂಪವನ್ನು ಕೊಡುತ್ತದೆ. ಸುಮಾರು ಒಂದು ಗಂಟೆಯದು, ಮೊದಲ ಅಂಕದ ಕಥೆ ಮಾತ್ರ, ಶಾಲೆಗಳಲ್ಲಿ ಮಕ್ಕಳೇ ಆಡುತ್ತಾರೆ. ಟಿಕೆಟ್ ತೆಗೆಯುವ ಮುಂಚೆ ಯಾವುದು ಅಂತ ಕೇಳಿ. ಹೆಸರಿನ ಕೊನೆಯಲ್ಲಿ ‘ಜೂನಿಯರ್’ ಇಲ್ಲದಿದ್ದರೆ ಪೂರ್ತಿ ನಾಟಕ. ಪೂರ್ತಿ ನಾಟಕಕ್ಕೆ ಹೋಗುವುದಾದರೆ ಓಡಾಡುವ ದಾರಿಯ ಪಕ್ಕದ ಸೀಟು ತೆಗೆದುಕೊಳ್ಳಿ. ಯಾರು ಸಾಯುತ್ತಾರೆ ಅನ್ನುವುದನ್ನು ಮಗುವಿಗೆ ಮೊದಲೇ ಹೇಳಿಬಿಡಿ, ಕುತೂಹಲ ಹಾಳಾಗುವುದಿಲ್ಲ. ನಮ್ಮ ಮಗಳು ಎಲ್ಲ ಗೊತ್ತಿದ್ದೂ ಕುರ್ಚಿಯ ತುದಿಯಲ್ಲೇ ಕೂತಿದ್ದಳು. ಮುಗಿದ ಮೇಲೆ ಪಾರ್ಕಿಂಗ್‌ನಲ್ಲಿ ಗಾಡಿ ಸಿಕ್ಕಿಹಾಕಿಕೊಳ್ಳುತ್ತದೆ ಅಂತ ಅವಸರ ಮಾಡಬೇಡಿ. ಬಾಗಿಲ ಹತ್ತಿರದ ಸಾಲಿನಲ್ಲಿ ನಿಂತು, ಸತ್ತವರ ಕೈ ಕುಲುಕಿಸಿಯೇ ಮಗುವನ್ನು ಮನೆಗೆ ಕರೆತನ್ನಿ.